ಮಾವನ್ನ ಡಿಸ್ಚಾರ್ಜ್ ಮಾಡ್ತಿದಾರೆ, ರಿಪೋರ್ಟಲ್ಲಿ ಎಂಆರ್‌ಎಸ್‌ಎ ಅಂತ ಇದೆ, ಮನೇಲಿ ಎಳೇ ಮಗು ಇದೆ. ಏನೇನು ಜಾಗ್ರತೆ ಮಾಡ್ಬೇಕು?

ನಿದ್ದೆಗೆಟ್ಟವ್ಳು:
ಎಲ್ರಿಗೂ ನಮಸ್ಕಾರ. ನಮ್ಮ ಮಾವನಿಗೆ ಸೊಂಟದ ಕೀಲು ಬದಲಾಯ್ಸೋ ಆಪರೇಷನ್ ಆಗಿತ್ತು, ಆಮೇಲೆ ಉಸಿರಾಟದ್ದು ಏನೋ ತೊಂದ್ರೆ ಅಂತ ಐಸಿಯುಗೂ ಹೋಗಿ ಬಂದ್ರು, ಈಗ ಪರವಾಗಿಲ್ಲ, ಈ ವಾರದಲ್ಲೇ ಮನೆಗೆ ಕರ್ಕೊಂಡ್ ಹೋಗಿ ಅಂದಿದಾರೆ. ಹೊಲಿಗೆ ಹಾಕಿದ್ ಜಾಗದಲ್ಲಿ ಒಂದು ಕಡೆ ಸ್ವಲ್ಪ ಕೀವು ಬರ್ತಿತ್ತು, ಯಾವ ಬ್ಯಾಕ್ಟೀರಿಯಾ ಅಂತ ಲ್ಯಾಬಲ್ಲಿ ಬೆಳೆಸಿ ನೋಡೋಕೆ ಕಲ್ಚರ್‌ಗೆ ಕಳ್ಸಿದ್ರಲ್ಲಿ ಎಂಆರ್‌ಎಸ್‌ಎ ಅಂತ ಬಂದಿದೆ. ಡಾಕ್ಟ್ರು ಔಷಧಿ ಕೊಟ್ಟಿದೀವಿ, ಡ್ರೆಸಿಂಗ್ ಮನೇಲೇ ಮಾಡ್ಕೊಳ್ಳಿ, ಕ್ಲೀನಾಗಿರಿ ಅಂದ್ರು ಅಷ್ಟೇ, ಕ್ಲೀನಾಗಿರೋದು ಅಂದ್ರೆ ಏನು ಅಂತ ಕೇಳೋಷ್ಟ್ರಲ್ಲಿ ರೌಂಡ್ಸ್ ಮುಗ್ಸಿ ಮುಂದಿನ ಬೆಡ್‌ಗೆ ಹೋಗಿದ್ರು. ಮೂತ್ರದ ಪೈಪು ಇನ್ನೂ ತೆಗ್ದಿಲ್ಲ.

ನನ್ ಮಗು ಇನ್ನೂ ಅಂಬೆಗಾಲಿಟ್ಟಿಲ್ಲ. ಅತ್ತೆಗೆ ಶುಗರ್ ಇದೆ. ಬಾತ್‌ರೂಮ್ ಒಂದೇ. ಇಂಟರ್ನೆಟ್ಟಲ್ಲಿ ನೋಡಿದ್ರೆ ಸೂಪರ್‌ಬಗ್ಗು, ಯಾವ ಆಂಟಿಬಯಾಟಿಕ್ಕಿಗೂ ಬಗ್ಗಲ್ಲ ಅಂತೆಲ್ಲ ಬರೆದಿದಾರೆ, ಓದಿ ಓದಿ ಕೈಕಾಲು ತಣ್ಣಗಾಗಿದೆ. ನಾದಿನಿ ಹೇಳ್ತಾಳೆ ಅಪ್ಪನ್ನ ಒಂದ್ ರೂಮಲ್ಲಿ ಇಟ್ಟು ತಟ್ಟೆ ಲೋಟ ಎಲ್ಲ ಬೇರೆ ಮಾಡಿ, ಮಗೂನ ಹತ್ರಾನೂ ಬಿಡ್ಬೇಡಿ ಅಂತ. ಮಾವನಿಗೆ ಮೊಮ್ಮಗು ಅಂದ್ರೆ ಪ್ರಾಣ, ಹಂಗ್ ಮಾಡಿದ್ರೆ ಆ ಮನುಷ್ಯ ಕುಗ್ಗಿಹೋಗ್ತಾರೆ. ನಿಜವಾಗ್ಲೂ ಅಷ್ಟು ಬೇಕಾ? ಅನುಭವ ಇರೋರು ಹೇಳಿ ಪ್ಲೀಸ್.

ಹಳೇಚಪ್ಪಲಿ:
ನಾದಿನಿ ಹೇಳಿದ್ದೇ ಸರಿ ಅನ್ಸತ್ತೆ. ಆಸ್ಪತ್ರೆಯಿಂದ ಬರೋದು ಮಾಮೂಲಿ ಕೀಟಾಣು ಅಲ್ಲ. ಮನೆಗೆಲ್ಲ ಒಂದ್ಸಲ ಫ್ಯೂಮಿಗೇಷನ್ ಮಾಡ್ಸಿ, ದಿನಾ ಎರಡು ಹೊತ್ತು ಗೋಡೆ ನೆಲ ಎಲ್ಲ ಫಿನಾಯಿಲ್ ಹಾಕಿ ಒರೆಸಿ, ಮನೆಯವ್ರೆಲ್ಲ ಮಾಸ್ಕ್ ಹಾಕ್ಕೊಳ್ಳಿ. ಸೆಂಟಿಮೆಂಟ್ ಆಮೇಲೆ ನೋಡ್ಕೋಬೋದು.

ವಾರ್ಡಿನಸಿಸ್ಟರ್:
ಫ್ಯೂಮಿಗೇಷನ್ನೂ ಬೇಡ, ಗೋಡೆ ತೊಳೆಯೋದೂ ಬೇಡ. ನಾನು ನರ್ಸ್, ಇನ್ಫೆಕ್ಷನ್ ಕಂಟ್ರೋಲ್ ವಿಭಾಗದಲ್ಲಿ ಕೆಲಸ ಮಾಡಿದೀನಿ, ಈ ಪ್ರಶ್ನೆ ಡಿಸ್ಚಾರ್ಜ್ ದಿನ ಎಲ್ಲ ಮನೆಯವ್ರೂ ಕೇಳ್ಬೇಕು ಆದ್ರೆ ಯಾರೂ ಕೇಳಲ್ಲ, ಕೇಳಿದ್ರೂ ನಮ್ಮೋರಿಗೆ ಉತ್ತರ ಹೇಳೋಕೆ ಪುರುಸೊತ್ತು ಇರಲ್ಲ. ಸ್ವಲ್ಪ ಉದ್ದ ಆಗತ್ತೆ, ಓದ್ಕೊಳ್ಳಿ.

ಮೊದ್ಲು ಭಯ ಇಳ್ಸೋ ಮಾತು. ಎಂಆರ್‌ಎಸ್‌ಎ ಅಂದ್ರೆ ಸ್ಟಫೈಲೋಕಾಕಸ್ ಅನ್ನೋ ಬ್ಯಾಕ್ಟೀರಿಯಾದಲ್ಲಿ ಮೆಥಿಸಿಲಿನ್ ಗುಂಪಿನ ಔಷಧಿಗೆ ಬಗ್ಗದೇ ಇರೋ ಜಾತಿ. ಮಾಮೂಲಿ ಸ್ಟಫ್ ಅಂತೂ ಆರೋಗ್ಯವಾಗಿರೋರಲ್ಲೂ ಹೆಚ್ಚುಕಮ್ಮಿ ಮೂರರಲ್ಲಿ ಒಬ್ರ ಮೂಗಲ್ಲಿ ಸುಮ್ನೆ ಕೂತಿರತ್ತೆ. ಇದೂ ಹಂಗೇ ಮೂಗಿನ ಒಳಗೆ, ಕಂಕುಳಲ್ಲಿ, ತೊಡೆಸಂದೀಲಿ ಕೂತಿರತ್ತೆ, ಗಾಯ ಸಿಕ್ಕಿದ್ರೆ ಒಳಗೆ ಹೋಗಿ ಕಾಟ ಕೊಡತ್ತೆ. ಇದಕ್ಕೆ ಔಷಧಿ ಇಲ್ಲ ಅನ್ನೋದು ಸುಳ್ಳು, ಕಮ್ಮಿ ಔಷಧಿ ಕೆಲಸ ಮಾಡ್ತವೆ ಅನ್ನೋದು ನಿಜ. ಚರ್ಮ ನೆಟ್ಟಗಿರೋ, ಮೈ ಗಟ್ಟಿಯಿರೋ ಮನುಷ್ಯನಿಗೆ ಇದ್ರಿಂದ ಕಾಯಿಲೆ ಬರೋ ಸಾಧ್ಯತೆ ಕಮ್ಮಿ. ಎಚ್ಚರ ಬೇಕಾಗಿರೋದು ಗಾಯ ಇರೋರಿಗೆ, ಶುಗರ್ ಇರೋರಿಗೆ, ರೋಗನಿರೋಧಕ ಶಕ್ತಿ ಕಮ್ಮಿ ಇರೋರಿಗೆ, ಎಳೇ ಮಕ್ಕಳಿಗೆ. ನಿಮ್ಮನೇಲಿ ಅತ್ತೆ, ಮಗು ಇಬ್ರೂ ಆ ಲೆಕ್ಕಕ್ಕೆ ಬರ್ತಾರೆ, ಅದ್ಕೇ ಎಚ್ಚರ ಬೇಕು, ಗಾಬರಿ ಬೇಡ.

ಇದು ಗಾಳಿಯಲ್ಲಿ ತೇಲ್ಕೊಂಡು ಬರೋ ಅಂಥದ್ದಲ್ಲ, ಕೈ ಮೂಲಕ ಬರತ್ತೆ. ಕೀವು ಮುಟ್ಟಿದ ಕೈ, ಡ್ರೆಸಿಂಗ್ ಬಿಚ್ಚಿದ ಕೈ, ಅದೇ ಕೈ ನಲ್ಲಿಗೆ, ಬಾಗ್ಲಿಗೆ, ಮೊಬೈಲಿಗೆ, ಮಗುಗೆ. ಹಂಗಾಗಿ ನಿಮ್ಮ ಶ್ರಮ ಎಲ್ಲ ಗೋಡೆ ಮೇಲೆ ಖರ್ಚು ಮಾಡ್ದೆ ಮೂರ್ ಕಡೆ ಹಾಕಿ, ಕೈ, ಗಾಯ, ಮೈಗೆ ತಾಗೋ ಬಟ್ಟೆ.

ಕೈ ತೊಳೆಯೋದು ಅಂದ್ರೆ ಸೋಪು ಹಾಕಿ ಬೆರಳ ಸಂದಿ, ಹೆಬ್ಬೆರಳು, ಉಗುರ ತುದಿ ಎಲ್ಲ ಉಜ್ಜಿ ಕನಿಷ್ಠ 20 ಸೆಕೆಂಡು. ಹೆಬ್ಬೆರಳು ಉಗುರ ತುದಿ ಎರಡನ್ನೂ ಎಲ್ರೂ ಮರೀತಾರೆ. ಕೈ ನೋಡೋಕೆ ಕ್ಲೀನಾಗೇ ಇದ್ರೆ ಎಂಆರ್‌ಎಸ್‌ಎಗೆ ಸ್ಯಾನಿಟೈಸರ್ರೂ ನಡೆಯತ್ತೆ, ಅದ್ರಲ್ಲಿ ಕನಿಷ್ಠ 60% ಆಲ್ಕೋಹಾಲ್ ಇರ್ಬೇಕು, ಹಾಕ್ಕೊಂಡು ಒಣಗೋವರ್ಗೂ ಉಜ್ಜಬೇಕು, ಒದ್ದೆ ಇರೋವಾಗ ಒರೆಸ್ಕೊಂಡ್ಬಿಟ್ರೆ ಪ್ರಯೋಜನ ಇಲ್ಲ. ಯಾವಾಗ ಅಂದ್ರೆ ಮಾವನ ಗಾಯ, ಪೈಪು, ಹಾಸಿಗೆ ಮುಟ್ಟೋಕೆ ಮುಂಚೆ ಒಂದ್ಸಲ, ಮುಟ್ಟಿದ್ ಮೇಲೆ ಒಂದ್ಸಲ, ಮಗೂನ ಎತ್ಕೊಳ್ಳೋಕೆ ಮುಂಚೆ, ಅಡುಗೆಗೆ ಕೈ ಹಾಕೋಕೆ ಮುಂಚೆ, ಅತ್ತೆಗೆ ಇನ್ಸುಲಿನ್ ಚುಚ್ಚೋದಿದ್ರೆ ಅದಕ್ಕೂ ಮುಂಚೆ.

ಇನ್ನೊಂದು ನಾನು ಎಲ್ಲಾ ಮನೆಯವ್ರಿಗೂ ಹೇಳೋದು, ರೋಗಿಯ ಕೈನೂ ತೊಳ್ಸಿ!! ನೋಡ್ಕೊಳ್ಳೋರು ಕೈ ಉಜ್ಜಿ ಉಜ್ಜಿ ಚರ್ಮ ಕಿತ್ತೋಗಿರತ್ತೆ, ಮಲಗಿರೋರ ಕೈ ಬೆಳಗ್ಗಿಂದ ಸಂಜೆವರ್ಗೂ ನೀರೇ ಕಂಡಿರಲ್ಲ. ಅವ್ರು ಬ್ಯಾಂಡೇಜ್ ಕೆರ್ಕೊಂಡು, ಮೂಗು ಮುಟ್ಕೊಂಡು, ಅದೇ ಕೈಲಿ ರಿಮೋಟ್ ಹಿಡೀತಾರೆ, ಮಗೂ ಕೆನ್ನೆ ಹಿಂಡ್ತಾರೆ. ಬೆಡ್‌ಪ್ಯಾನ್ ಆದ್ಮೇಲೆ, ಊಟಕ್ಕೆ ಮುಂಚೆ, ಮಗೂನ ಮುಟ್ಟೋಕೆ ಮುಂಚೆ ಅವ್ರ ಕೈಗೂ ಸೋಪು ಹಚ್ಚಿ, ಉಗುರು ಚಿಕ್ಕದಾಗಿ ಕತ್ತರ್ಸಿ. ಅಷ್ಟ್ ಮಾಡಿದ್ರೆ ತಾತ ಮೊಮ್ಮಗೂನ ಎತ್ಕೊಳ್ಳೋದಕ್ಕೆ ಏನೂ ಅಡ್ಡಿ ಇಲ್ಲ, ಗಾಯ ಪೂರ್ತಿ ಮುಚ್ಚಿರ್ಬೇಕು, ಬ್ಯಾಂಡೇಜ್ ದಾಟಿ ಕೀವು ಹೊರಗೆ ಬರ್ತಿರ್ಬಾರ್ದು ಅಷ್ಟೇ. ತಟ್ಟೆ ಲೋಟ ಬೇರೆ ಮಾಡೋ ಅವಶ್ಯಕತೆ ಇಲ್ಲ, ಬಿಸಿನೀರು ಸೋಪಲ್ಲಿ ಮಾಮೂಲಿ ತರ ತೊಳೆದ್ರೆ ಸಾಕು. ಮಾಸ್ಕು ಬೇಡ. ಬೇರೆ ಮಾಡ್ಬೇಕಾಗಿರೋದು ಟವೆಲ್ಲು, ಸೋಪು, ರೇಜರ್ರು, ನೈಲ್ ಕಟರ್ರು, ಬಾಚಣಿಗೆ. ಟವೆಲ್ ಒಂದು ಬೇರೆ ಮಾಡಿದ್ರೇನೇ ದೊಡ್ಡ ಕೆಲಸ ಆದಂಗೆ.

ಡ್ರೆಸಿಂಗ್ ಹೆಂಗೆ ಅಂತ ಬೇರೆ ಪೋಸ್ಟ್ ಹಾಕ್ತೀನಿ, ಈಗ ಡ್ಯೂಟಿ.

ನಿದ್ದೆಗೆಟ್ಟವ್ಳು:
ಸಿಸ್ಟರ್ ನಿಮಗೆ ಎಷ್ಟ್ ಥ್ಯಾಂಕ್ಸ್ ಹೇಳಿದ್ರೂ ಸಾಲ್ದು. ಮಗೂನ ಮುಟ್ಬೋದು ಅಂದ್ರಲ್ಲ ಅದನ್ನ ನಮ್ಮೆಜಮಾನ್ರಿಗೆ ಓದಿ ಹೇಳ್ದೆ. ಒಂದ್ ಡೌಟು, ಆಸ್ಪತ್ರೇಲಿ ರಾತ್ರಿಯೆಲ್ಲ ಜೊತೆಗಿದ್ದಿದ್ದು ಅವ್ರೇ, ಅವ್ರಿಗೂ ಅಂಟಿರ್ಬೋದಾ? ಮನೆಯವ್ರೆಲ್ಲ ಟೆಸ್ಟ್ ಮಾಡ್ಸ್ಕೋಬೇಕಾ?

ಕಲ್ಚರ್‌ಪ್ಲೇಟು:
ನಾನು ಮೈಕ್ರೋಬಯಾಲಜಿ ಲ್ಯಾಬಲ್ಲಿ ಇರೋನು, ಟೆಸ್ಟ್ ವಿಷ್ಯ ನಾನು ಹೇಳ್ತೀನಿ. ಬೇಡ. ಅವ್ರ ಮೂಗಲ್ಲಿ ಇರ್ಬೋದು, ಇಲ್ದೇನೂ ಇರ್ಬೋದು. ಸ್ವಾಬ್ ತಗೊಂಡು ಪಾಸಿಟಿವ್ ಬಂದ್ರೆ ಆರೋಗ್ಯವಾಗಿರೋ ಮನುಷ್ಯನಿಗೆ ಏನ್ ಮಾಡ್ತೀರ, ಅದೇ ಕೈ ತೊಳ್ಕೊಳ್ಳಿ ಅನ್ನೋದು ಬಿಟ್ರೆ ಬೇರೇನಿಲ್ಲ. ಮನೆಯವ್ರಿಗೆಲ್ಲ ಸ್ವಾಬ್ ಮಾಡೋ ಪ್ರಶ್ನೆ ಬರೋದು ಒಬ್ರಾದ್ಮೇಲೆ ಒಬ್ರಿಗೆ ಕುರು ಏಳ್ತಾ ಇದ್ರೆ, ಅಥವಾ ರೋಗಿಗೇ ವಾಸಿಯಾಗಿ ಮತ್ತೆ ಮತ್ತೆ ಬರ್ತಿದ್ರೆ, ಆಗ ಡಾಕ್ಟ್ರು ತೀರ್ಮಾನ ಮಾಡ್ತಾರೆ.

ಆದ್ರೆ ಜೊತೆಗಿದ್ದೋರ ಬಗ್ಗೆ ನೀವು ಕೇಳಿದ್ದು ಒಳ್ಳೇ ಪ್ರಶ್ನೆ. ಎಲ್ರೂ ರೋಗಿಯನ್ನೇ ನೋಡ್ತಾರೆ, ಪಕ್ಕದಲ್ಲಿ ಕೂತು ಬೆಡ್ ರೇಲ್ ಹಿಡ್ಕೊಂಡು ಅದೇ ಟಾಯ್ಲೆಟ್ ಬಳಸಿ ಬಂದೋರನ್ನ ಮರೀತಾರೆ. ಇದಕ್ಕೊಂದು ಅಧ್ಯಯನ ಇದೆ, ಅಮೆರಿಕದಲ್ಲಿ ಇನ್ಶೂರೆನ್ಸ್ ದಾಖಲೆಗಳನ್ನ ಇಟ್ಕೊಂಡು ಸಿ ಡಿಫ್ ಅನ್ನೋ ಕರುಳಿನ ಸೋಂಕಿನ ಬಗ್ಗೆ ಮಾಡಿದ್ದು, 2023ರಲ್ಲಿ ಪ್ರಕಟ ಆಯ್ತು. ಮನೆಯಲ್ಲಿ ಯಾರಾದ್ರೂ ಇತ್ತೀಚೆಗೆ ಆಸ್ಪತ್ರೇಲಿ ಇದ್ದು ಬಂದಿದ್ರೆ ಉಳಿದೋರಿಗೆ ಆ ಸೋಂಕು ಬರೋ ಪ್ರಮಾಣ ಸುಮಾರು 73% ಜಾಸ್ತಿ ಕಂಡ್ಬಂತು. ವಿಶೇಷ ಏನಪ್ಪ ಅಂದ್ರೆ ಆಸ್ಪತ್ರೇಲಿ ಇದ್ದು ಬಂದೋರಿಗೆ ಆ ಸೋಂಕು ಇದೆ ಅಂತ ಯಾರೂ ಪತ್ತೆ ಮಾಡಿರ್ಲೇ ಇಲ್ಲ. ಅವ್ರು ಹೆಚ್ಚು ದಿನ ಆಸ್ಪತ್ರೇಲಿ ಇದ್ದಷ್ಟೂ ಮನೆಯವ್ರಿಗೆ ರಿಸ್ಕು ಜಾಸ್ತಿ. ಅಂದ್ರೆ ಅವ್ರು ಲಕ್ಷಣ ಇಲ್ದೆ ಹೊತ್ಕೊಂಡು ಬಂದಿರೋ ಸಾಧ್ಯತೆ ಇದೆ ಅಂತ. 73 ಅಂತ ಕೇಳಿ ಗಾಬರಿ ಬೇಡ, ಮೊದ್ಲೇ ತೀರಾ ಕಮ್ಮಿ ಇರೋದು ಮುಕ್ಕಾಲು ಪಾಲು ಜಾಸ್ತಿ ಆದ್ರೂ ಕಮ್ಮೀನೇ. ಮತ್ತೆ ಇದು ದಾಖಲೆ ನೋಡಿ ಮಾಡಿದ್ ಲೆಕ್ಕ, ಇದ್ರಿಂದ್ಲೇ ಬಂತು ಅಂತ ಸಾಬೀತು ಮಾಡಿದ್ದಲ್ಲ.

ನನ್ ಪಾಯಿಂಟ್ ಏನು ಅಂದ್ರೆ ರಿಪೋರ್ಟಲ್ಲಿ ಹೆಸರು ಬಂದ್ರೆ ಮಾತ್ರ ಎಚ್ಚರ, ಇಲ್ಲಾಂದ್ರೆ ಆರಾಮು ಅನ್ನೋದು ತಪ್ಪು ಲೆಕ್ಕ. ನಿಮ್ಮ ಮಾವನಿಗೆ ಹೆಸರು ಗೊತ್ತಾಗಿದೆ, ಅದು ಒಂಥರಾ ಅನುಕೂಲಾನೇ.

ಹಳೇಚಪ್ಪಲಿ:
ಸರಿ ಫ್ಯೂಮಿಗೇಷನ್ ವಾಪಸ್ ತಗೊಂಡೆ. ಆದ್ರೂ ಒಂದ್ ಪ್ರಶ್ನೆ, ಇಷ್ಟೆಲ್ಲ ಆಸ್ಪತ್ರೆಯಿಂದಾನೇ ಬರತ್ತೆ ಅಂದ್ರೆ ಅಲ್ಲಿ ಏನ್ ಮಾಡ್ತಿದಾರೆ ಇವ್ರು? ದುಡ್ಡು ಕೊಟ್ಟು ಕಾಯಿಲೆ ತಗೊಂಡ್ ಬಂದಂಗಾಯ್ತಲ್ಲ.

ಕಲ್ಚರ್‌ಪ್ಲೇಟು:
ನಿಮ್ಮ ಸಿಟ್ಟು ಅರ್ಥ ಆಗತ್ತೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕೊಟ್ಟ ವರದಿ ಪ್ರಕಾರ ಶ್ರೀಮಂತ ದೇಶಗಳಲ್ಲಿ ಅಡ್ಮಿಟ್ ಆದ 100 ಜನರಲ್ಲಿ 7 ಜನಕ್ಕೆ, ಮಧ್ಯಮ ಮತ್ತೆ ಕಡಿಮೆ ಆದಾಯದ ದೇಶಗಳಲ್ಲಿ 15 ಜನಕ್ಕೆ ಆಸ್ಪತ್ರೇಲೇ ಏನಾದ್ರೂ ಒಂದು ಸೋಂಕು ಹತ್ತತ್ತೆ. ಕೈ ಶುಚಿ ಮತ್ತೆ ಉಳಿದ ಕ್ರಮಗಳನ್ನ ನೆಟ್ಟಗೆ ಮಾಡಿದ್ರೆ ಅದ್ರಲ್ಲಿ 70% ತಡೀಬೋದು ಅಂತಾನೂ ಅದೇ ವರದೀಲಿದೆ. ವಿಯೆನ್ನಾದಲ್ಲಿ ಸೆಮ್ಮೆಲ್‌ವೈಸ್ ಅನ್ನೋ ಡಾಕ್ಟ್ರು ಕ್ಲೋರಿನ್ ನೀರಲ್ಲಿ ಕೈ ತೊಳ್ಕೊಂಡು ಹೆರಿಗೆ ವಾರ್ಡಿಗೆ ಹೋಗಿ ಅಂತ ಬಡ್ಕೊಂಡಿದ್ದು 1847ರಲ್ಲಿ. ಇವತ್ತಿಗೂ ಅದನ್ನೇ ಬಡ್ಕೋತಿದೀವಿ.

ವಾರ್ಡಿನಸಿಸ್ಟರ್:
ಡ್ಯೂಟಿ ಮುಗೀತು. ಡ್ರೆಸಿಂಗ್ ಬಗ್ಗೆ.

ಮನೆಯಲ್ಲಿ ಒಬ್ರೇ ಅದನ್ನ ಕಲೀಲಿ, ದಿನಕ್ಕೊಬ್ರು ಬೇಡ, ಮತ್ತೆ ಆ ಒಬ್ರು ಆದಷ್ಟು ಶುಗರ್ ಇರೋ ಅತ್ತೆ ಆಗೋದು ಬೇಡ. ಡಿಸ್ಚಾರ್ಜ್‌ಗೆ ಮುಂಚೆ ವಾರ್ಡಲ್ಲಿ ನರ್ಸ್ ಮುಂದೆ ನೀವೇ ಒಂದ್ಸಲ ಮಾಡಿ ತೋರ್ಸಿ, ನೋಡಿ ಕಲಿಯೋದು ಬೇರೆ ಮಾಡಿ ಕಲಿಯೋದು ಬೇರೆ. ಬೇಕಾದ್ದೆಲ್ಲ ಮೊದ್ಲೇ ತೆಗ್ದು ಹತ್ರ ಇಟ್ಕೊಳ್ಳಿ, ಮಧ್ಯದಲ್ಲಿ ಎದ್ದು ಬೀರು ತೆಗೀಬಾರ್ದು. ಕೈ ತೊಳ್ಕೊಂಡು ಗ್ಲೌಸ್ ಹಾಕಿ ಹಳೇ ಡ್ರೆಸಿಂಗ್ ತೆಗೀರಿ, ಅದನ್ನ ಸೀದಾ ಪ್ಲಾಸ್ಟಿಕ್ ಕವರ್‌ಗೆ ಹಾಕಿ, ಗ್ಲೌಸ್‌ನೂ ಒಳಮಗ್ಗುಲು ಹೊರಗೆ ಬರೋಹಂಗೆ ಮಗುಚಿ ಬಿಚ್ಚಿ ಅದೇ ಕವರ್‌ಗೆ ಹಾಕಿ. ಆಮೇಲೆ ಮತ್ತೆ ಕೈ ತೊಳ್ಕೊಂಡು ಹೊಸ ಗ್ಲೌಸ್ ಹಾಕಿ ಹೊಸ ಡ್ರೆಸಿಂಗ್. ಈ ಮಧ್ಯದ ಕೈ ತೊಳೆಯೋದನ್ನೇ ಜನ ಬಿಟ್ಬಿಡ್ತಾರೆ, ಹಳೇ ಗ್ಲೌಸಲ್ಲೇ ಹೊಸ ಗಾಜ್ ಮುಟ್ತಾರೆ. ಗ್ಲೌಸ್ ಇದೆ ಕೈ ತೊಳೆಯೋದ್ ಯಾಕೆ ಅಂತ ಕೇಳೋರೂ ಇದಾರೆ, ಗ್ಲೌಸಲ್ಲಿ ಕಣ್ಣಿಗೆ ಕಾಣದ ತೂತು ಇರತ್ತೆ, ಬಿಚ್ಚೋವಾಗಂತೂ ಕೈಗೆ ತಾಗೇ ತಾಗತ್ತೆ. ಕವರ್ ಬಾಯಿ ಕಟ್ಟಿ ಬಿಸಾಕೋದು ಎಲ್ಲಿ ಹೆಂಗೆ ಅಂತ ಆಸ್ಪತ್ರೇಲೇ ಕೇಳ್ಕೊಳ್ಳಿ.

ಗಾಯದ ಮೇಲೆ ಕಣ್ಣಿರ್ಲಿ. ಸುತ್ತ ಕೆಂಪು ಹರಡ್ತಾ ಹೋದ್ರೆ, ಮುಟ್ಟಿದ್ರೆ ಬಿಸಿ ಇದ್ರೆ, ವಾಸನೆ ಬಂದ್ರೆ, ಜ್ವರ ಬಂದ್ರೆ, ಕಮ್ಮಿ ಆಗ್ತಿದ್ದ ನೋವು ಮತ್ತೆ ಏರಿದ್ರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯ್ಬೇಡಿ. ಇವ್ರಿಗೆ ಒಳಗಡೆ ಕೃತಕ ಕೀಲು ಕೂರ್ಸಿರೋದ್ರಿಂದ ಆಪರೇಷನ್ ಆದ 90 ದಿನದವರೆಗೂ ಬರೋ ಸೋಂಕನ್ನ ಆಪರೇಷನ್‌ದೇ ಅಂತ ಲೆಕ್ಕ ಹಾಕ್ತಾರೆ, ಹೊರಗಡೆ ಹೊಲಿಗೆ ಒಣಗಿದ ತಕ್ಷಣ ಮುಗೀತು ಅಂತಲ್ಲ.

ಪೈಪಿನ ವಿಷ್ಯಕ್ಕೆ ಬಂದ್ರೆ, ಮೊದಲ್ನೇ ಪ್ರಶ್ನೆ ಇದು ಇನ್ನೂ ಬೇಕಾ ಅಂತ ಡಾಕ್ಟ್ರನ್ನ ಕೇಳಿ. ನಿಜವಾಗ್ಲೂ ಕೇಳಿ. ಎಷ್ಟೋ ಸಲ ತೆಗೆಯೋದು ಮರ್ತೋಗಿರತ್ತೆ. ಬೇಕೇಬೇಕು ಅಂದ್ರೆ ಚೀಲ ಯಾವಾಗ್ಲೂ ಸೊಂಟಕ್ಕಿಂತ ಕೆಳಗಿರ್ಬೇಕು ಆದ್ರೆ ನೆಲಕ್ಕೆ ತಾಗ್ಬಾರ್ದು. ಮಂಚದಿಂದ ಕುರ್ಚಿಗೆ ಕೂರ್ಸೋವಾಗ ಚೀಲ ಎತ್ತಿ ಅವ್ರ ಹೊಟ್ಟೆ ಮೇಲೆ ಇಡ್ತಾರೆ ನೋಡಿ, ಅದು ಮಾಡ್ಬೇಡಿ, ಮೂತ್ರ ವಾಪಸ್ ಹರಿಯತ್ತೆ. ಮೂರರಲ್ಲಿ ಎರಡು ಪಾಲು ತುಂಬೋಷ್ಟ್ರಲ್ಲಿ ಖಾಲಿ ಮಾಡಿ, ಖಾಲಿ ಮಾಡೋಕೆ ಒಂದು ಪಾತ್ರೆ ಬೇರೆ ಇಡಿ, ಚೀಲದ ನಲ್ಲಿ ಆ ಪಾತ್ರೆಗೆ ತಾಗ್ಬಾರ್ದು. ಪೈಪು ಚೀಲ ಸೇರೋ ಜಾಗ ಸುಮ್ಸುಮ್ನೆ ಬಿಚ್ಬೇಡಿ. ಪೈಪು ಹೊರಗೆ ಬರೋ ಜಾಗ ದಿನಾ ಸೋಪು ನೀರಲ್ಲಿ ತೊಳೆದ್ರೆ ಸಾಕು, ಡೆಟಾಲ್ ಗಿಟಾಲ್ ಬೇಡ.

ಬಟ್ಟೆ ಹಾಸಿಗೆ ಒದರ್ಬೇಡಿ, ಸುತ್ತಿ ಮೈಯಿಂದ ದೂರ ಹಿಡ್ಕೊಂಡು ಸೀದಾ ಮಷೀನಿಗೋ ಬಕೆಟ್ಟಿಗೋ ಹಾಕಿ. ರಕ್ತ ಕೀವು ಆಗಿದ್ರೆ ಬೇರೆ ಒಗೀರಿ. ಬಟ್ಟೆ ತಡ್ಕೊಂಡ್ರೆ 60 ಡಿಗ್ರಿ ಬಿಸಿನೀರು ಒಳ್ಳೇದು, ಆಗ್ಲಿಲ್ಲಾಂದ್ರೆ ಡಿಟರ್ಜೆಂಟ್ ಹಾಕಿ ಒಗೆದು ಪೂರ್ತಿ ಒಣಗ್ಸಿ, ಅರೆಬರೆ ಒಣಗಿದ್ದು ಮಡ್ಚಿಡ್ಬೇಡಿ. ಒರೆಸೋದು ಅಂದ್ರೆ ದಿನಾ ಕೈ ತಾಗೋ ಜಾಗ ಅಷ್ಟೇ, ಸ್ವಿಚ್ಚು, ಬಾಗ್ಲ ಹಿಡಿ, ನಲ್ಲಿ, ಫ್ಲಶ್ಶು, ಮಂಚದ ಅಂಚು, ವಾಕರ್ ಹಿಡಿ, ರಿಮೋಟು. ಮತ್ತೆ ಆಸ್ಪತ್ರೇಲಿ ಹಗಲೂ ರಾತ್ರಿ ಕೈಲಿದ್ದ ನಿಮ್ಮೆಜಮಾನ್ರ ಮೊಬೈಲು, ಅದನ್ನ 70% ಆಲ್ಕೋಹಾಲ್ ಇರೋ ವೈಪಲ್ಲಿ ಒರೆಸಿ. ಅವ್ರು ಮನೆಗೆ ಬಂದ ತಕ್ಷಣ ಬಟ್ಟೆ ಒಗೆಯೋಕೆ ಹಾಕಿ ಸ್ನಾನ ಮಾಡಿ ಆಮೇಲೆ ಮಗು ಎತ್ಕೊಳ್ಳಿ, ಅವ್ರಿಗೆ ಅಷ್ಟ್ ಸಾಕು.

ಖಾಲಿಪುಟ:
ಸಿಸ್ಟರ್ ಹೇಳಿದ್ರಲ್ಲಿ ಒಂದು ಸೇರ್ಸ್ಬೇಕು, ಇದು ಎಂಆರ್‌ಎಸ್‌ಎಗೆ ಸರಿ, ಎಲ್ಲದಕ್ಕೂ ಇದೇ ಅಂದ್ಕೋಬೇಡಿ. ನಮ್ಮಮ್ಮನಿಗೆ ನಿಮೋನಿಯಾಗೆ ಜೋರು ಆಂಟಿಬಯಾಟಿಕ್ ಕೊಟ್ಟು ಕಳ್ಸಿದ್ರು, ಮನೆಗೆ ಬಂದ್ಮೇಲೆ ಭೇದಿ ಶುರುವಾಯ್ತು, ಔಷಧಿ ಹೀಟು ಅಂದ್ಕೊಂಡು ಮನೆಯವ್ರೆಲ್ಲ ಸುಮ್ನಿದ್ರು, ಆಮೇಲೆ ಟೆಸ್ಟ್ ಮಾಡಿದ್ರೆ ಮೇಲೆ ಬರೆದಿದಾರಲ್ಲ ಅದೇ ಸಿ ಡಿಫ್. ಆಂಟಿಬಯಾಟಿಕ್ಕು ಕರುಳಲ್ಲಿರೋ ಒಳ್ಳೇ ಬ್ಯಾಕ್ಟೀರಿಯಾನೂ ಹೊಡೆದು ಹಾಕತ್ತೆ, ಖಾಲಿ ಬಿದ್ದ ಹೊಲದಲ್ಲಿ ಕಳೆ ಎದ್ದಂಗೆ ಇದು ಎದ್ಬಿಡತ್ತೆ. ಕೋರ್ಸ್ ಮುಗಿದು ವಾರಗಳಾದ್ಮೇಲೂ ಶುರುವಾಗ್ಬೋದು.

ಇದಕ್ಕೆ ಸ್ಯಾನಿಟೈಸರ್ ಉಪಯೋಗ ಇಲ್ಲ ಅನ್ನೋದು ಎಲ್ರೂ ಗೊತ್ತು ಮಾಡ್ಕೋಬೇಕು. ಇದು ಸ್ಪೋರ್ ಅಂತ ಗಟ್ಟಿ ಕವಚ ಕಟ್ಕೊಂಡು ಕೂರತ್ತೆ, ಆಲ್ಕೋಹಾಲ್ ಅದನ್ನ ಏನೂ ಮಾಡಲ್ಲ, ಮಾಮೂಲಿ ಫಿನಾಯಿಲ್ಲಿಗೂ ಜಗ್ಗಲ್ಲ, ಟಾಯ್ಲೆಟ್ ಸುತ್ತ ಮುತ್ತ ತಿಂಗಳುಗಟ್ಲೆ ಹಂಗೇ ಇರತ್ತೆ. ಸೋಪು ನೀರಲ್ಲಿ ಉಜ್ಜಿ ತೊಳೆದ್ರೆ ಸ್ಪೋರ್ ಸಾಯಲ್ಲ, ಆದ್ರೆ ಕೈಯಿಂದ ಕೊಚ್ಕೊಂಡು ಹೋಗತ್ತೆ. ಟಾಯ್ಲೆಟ್ಟಿಗೆ ಬ್ಲೀಚ್ ಬೇಕು. ನಮಗೆ ಹೇಳಿದ್ದು ಏನಂದ್ರೆ ಸುಮಾರು 5% ಇರೋ ಬ್ಲೀಚ್ ಒಂದು ಪಾಲಿಗೆ ಒಂಬತ್ತು ಪಾಲು ನೀರು, ಆ ಜಾಗ ಮೊದ್ಲು ಡಿಟರ್ಜೆಂಟಲ್ಲಿ ತೊಳೆದು ಕೊಳೆ ತೆಗ್ದು ಆಮೇಲೆ ಬ್ಲೀಚ್ ನೀರು ಹಾಕಿ 10 ನಿಮಿಷ ಒದ್ದೆಯಾಗೇ ಬಿಟ್ಟು ಆಮೇಲೆ ತೊಳೀಬೇಕು, ದಿನಾ ಹೊಸದಾಗಿ ಕಲಸ್ಬೇಕು ನಿನ್ನೇದು ಕೆಲಸಕ್ಕೆ ಬರಲ್ಲ. ಕಿಟಕಿ ತೆಗ್ದಿಡಿ. ಮತ್ತೆ ದಯವಿಟ್ಟು ಬ್ಲೀಚ್ ಜೊತೆ ಟಾಯ್ಲೆಟ್ ತೊಳೆಯೋ ಆಸಿಡ್ ಯಾವತ್ತೂ ಸೇರ್ಸ್ಬೇಡಿ, ಕ್ಲೋರಿನ್ ಗ್ಯಾಸ್ ಬರತ್ತೆ, ಸೋಂಕು ತಡೆಯೋಕ್ ಹೋಗಿ ನೀವೇ ಆಸ್ಪತ್ರೆ ಸೇರ್ತೀರ. ಅಮೋನಿಯಾ ಇರೋ ಕ್ಲೀನರ್ ಜೊತೆಗೂ ಬೇಡ.

ಒಂದೇ ಬಾತ್‌ರೂಮ್ ಇರೋರು ಭೇದಿ ಇರೋ ರೋಗಿ ಹೋಗಿ ಬಂದ್ಮೇಲೆ ಸೀಟು, ಫ್ಲಶ್, ನಲ್ಲಿ ಮೂರನ್ನ ಆದ್ರೂ ಒರೆಸಿ ಆಮೇಲೆ ಬೇರೆಯೋರು ಹೋಗ್ಬೇಕು, ಮುಚ್ಚಳ ಹಾಕಿ ಫ್ಲಶ್ ಮಾಡ್ಬೇಕು. ಭೇದಿ ನಿಂತು 48 ಗಂಟೆ ಆಗೋವರ್ಗೂ ಇದನ್ನ ಬಿಡ್ಬೇಡಿ.

ನಿದ್ದೆಗೆಟ್ಟವ್ಳು:
ಅಯ್ಯೋ ಮಾವನಿಗೂ ಜೋರು ಆಂಟಿಬಯಾಟಿಕ್ ನಡೀತಿದೆ. ಭೇದಿ ಏನಾದ್ರೂ ಶುರುವಾದ್ರೆ ನಿಲ್ಲೋ ಮಾತ್ರೆ ಮನೇಲಿದೆ ಕೊಡ್ಬೋದಾ? ಮಗೂಗೆ ಬಂದ್ರೆ?

ಕಲ್ಚರ್‌ಪ್ಲೇಟು:
ಭೇದಿ ನಿಲ್ಸೋ ಮಾತ್ರೆ ನೀವಾಗೇ ಕೊಡ್ಬೇಡಿ. ದಿನಕ್ಕೆ ಮೂರು ಅಥವಾ ಜಾಸ್ತಿ ಸಲ ನೀರು ನೀರಾಗಿ ಹೋದ್ರೆ, ಆಂಟಿಬಯಾಟಿಕ್ ತಗೋತಿದಾರೆ ಅಂತ ಹೇಳಿ ಡಾಕ್ಟ್ರಿಗೆ ಫೋನ್ ಮಾಡಿ. ಹೆದರ್ಕೊಂಡು ನಡೀತಿರೋ ಆಂಟಿಬಯಾಟಿಕ್ಕನ್ನ ನೀವೇ ನಿಲ್ಲಿಸೋದೂ ಬೇಡ.

ಮಗು ವಿಷ್ಯದಲ್ಲಿ ಸ್ವಲ್ಪ ವಿಚಿತ್ರ ಅನ್ಸೋ ಸಂಗತಿ ಹೇಳ್ತೀನಿ, ಒಂದು ವರ್ಷದೊಳಗಿನ ಮಕ್ಕಳ ಕರುಳಲ್ಲಿ ಸಿ ಡಿಫ್ ಇರೋದು ತುಂಬಾ ಸಾಮಾನ್ಯ, ಹೆಚ್ಚಿನ ಮಕ್ಕಳಿಗೆ ಅದ್ರಿಂದ ಏನೂ ಆಗಲ್ಲ. ಅದ್ಕೇ ಅಷ್ಟು ಚಿಕ್ಕ ಮಕ್ಕಳಿಗೆ ಈ ಟೆಸ್ಟನ್ನೇ ಸಾಮಾನ್ಯವಾಗಿ ಮಾಡಲ್ಲ. ಈ ಒಂದರ ವಿಷ್ಯದಲ್ಲಿ ನಾನು ಮಗುಗಿಂತ ಅತ್ತೆ ಬಗ್ಗೆ ಜಾಸ್ತಿ ಯೋಚ್ನೆ ಮಾಡ್ತೀನಿ, ಅದ್ರಲ್ಲೂ ಅವ್ರೂ ಇದೇ ಸಮಯಕ್ಕೆ ಯಾವ್ದಾದ್ರೂ ಆಂಟಿಬಯಾಟಿಕ್ ತಗೊಂಡ್ರೆ. ನೆಗಡಿಗೆಲ್ಲ ಮಾತ್ರೆ ನುಂಗೋ ಅಭ್ಯಾಸ ಮನೇಲಿ ಯಾರಿಗಾದ್ರೂ ಇದ್ರೆ ನಿಲ್ಲಿಸಿ. ಮಾವನ ಮಾತ್ರೆ ಉಳಿದ್ರೆ ಬೇರೆ ಯಾರೂ ಮುಟ್ಬೇಡಿ.

ಇನ್ನೊಂದು, ಪೈಪು ಹಾಕಿರೋರ ಯೂರಿನ್ ಕಲ್ಚರ್ ಬಗ್ಗೆ. ಪೈಪು ಒಂದು ತಿಂಗಳು ಇದ್ರೆ ಹೆಚ್ಚುಕಮ್ಮಿ ಎಲ್ರ ಮೂತ್ರದಲ್ಲೂ ಬ್ಯಾಕ್ಟೀರಿಯಾ ಬೆಳೆಯತ್ತೆ. ಜ್ವರ ಇಲ್ಲ, ನೋವಿಲ್ಲ, ಗೊಂದಲ ಇಲ್ಲ ಅಂದ್ರೆ ಸಾಮಾನ್ಯವಾಗಿ ಅದಕ್ಕೆ ಔಷಧಿ ಕೊಡಲ್ಲ. ಜನ ಸುಮ್ನೆ ನೋಡೋಣ ಅಂತ ಲ್ಯಾಬಿಗೆ ಸ್ಯಾಂಪಲ್ ತಂದು ಕೊಡ್ತಾರೆ, ನಾವು ಬೆಳ್ದಿದ್ದು ಬರೀತೀವಿ, ಅದನ್ನ ನೋಡಿ ಗಾಬರಿಯಾಗಿ ಮತ್ತೊಂದು ಆಂಟಿಬಯಾಟಿಕ್ಕು, ಅದ್ರಿಂದ ಇನ್ನೂ ಗಟ್ಟಿ ಬ್ಯಾಕ್ಟೀರಿಯಾ. ಸುಮ್ನೆ ನೋಡೋಕೆ ಕಲ್ಚರ್ ಮಾಡ್ಸ್ಬೇಡಿ.

ಮೂರನೇಬೆಂಚು:
ಇದೇ ಥ್ರೆಡ್ಡಲ್ಲಿ ಕೇಳ್ತೀನಿ ಕ್ಷಮಿಸಿ, ನಮ್ಮಕ್ಕನ ಡಿಸ್ಚಾರ್ಜ್ ಸಮ್ಮರೀಲಿ ಇಎಸ್‌ಬಿಎಲ್ ಈ ಕೋಲೈ ಅಂತಿದೆ, ಅದೂ ಇದೇನಾ? ಅದಕ್ಕೆ ಮೂಗಿಗೆ ಹಚ್ಚೋ ಮುಲಾಮು ಇದ್ಯಂತೆ?

ವಾರ್ಡಿನಸಿಸ್ಟರ್:
ಅಲ್ಲ, ಅದು ಬೇರೆ ಬ್ಯಾಕ್ಟೀರಿಯಾ, ಹಲವು ಆಂಟಿಬಯಾಟಿಕ್ಕಿಗೆ ಬಗ್ಗದೇ ಇರೋ ಈ ಕೋಲೈ, ಕರುಳಲ್ಲಿರೋದು, ಮೂಗಿಗೂ ಅದಕ್ಕೂ ಸಂಬಂಧ ಇಲ್ಲ. ಕೆಲವರ ಕರುಳಲ್ಲಿ ತಿಂಗಳುಗಟ್ಲೆ ಇರತ್ತೆ, ಅದನ್ನ ಓಡ್ಸೋಕೆ ಅಂತ ನಂಬ್ಕೋಬೋದಾದ ಔಷಧಿ ಯಾವ್ದೂ ಇಲ್ಲ, ಹೆಚ್ಚಿನವ್ರಲ್ಲಿ ತಾನಾಗೇ ಕಮ್ಮಿ ಆಗತ್ತೆ. ಟಾಯ್ಲೆಟ್ಟಿಂದ ಬಂದ್ಮೇಲೆ ಅಡುಗೆ ಮಾಡೋಕೆ ಮುಂಚೆ ಕೈ, ಅಕ್ಕನ ಡೈಪರ್ರು ಬೆಡ್‌ಪ್ಯಾನು ನೀವು ಮುಟ್ಟೋದಾದ್ರೆ ಗ್ಲೌಸು ಮತ್ತೆ ಕೈ. ಮುಂದೆ ಯಾವ ಆಸ್ಪತ್ರೆಗೆ ಹೋದ್ರೂ ಆ ಹೆಸರನ್ನ ಮೊದ್ಲೇ ಹೇಳಿ, ಮುಚ್ಚಿಡ್ಬೇಡಿ, ಔಷಧಿ ಆರ್ಸೋದಕ್ಕೆ ಅವ್ರಿಗೆ ಬೇಕಾಗತ್ತೆ, ಪಕ್ಕದ ಬೆಡ್ಡೋರಿಗೂ ಒಳ್ಳೇದು.

ಮೂಗಿನ ಮುಲಾಮು ಅಂದ್ರೆ ಮ್ಯುಪಿರೋಸಿನ್, ಅದು ಎಂಆರ್‌ಎಸ್‌ಎಗೆ. ಮೇಲೆ ಕೇಳಿದ ಮೇಡಂಗೂ ಉಪಯೋಗ ಆಗತ್ತೆ. ಆಸ್ಪತ್ರೆಯಿಂದ ಮನೆಗೆ ಹೋದ ಎಂಆರ್‌ಎಸ್‌ಎ ಹೊತ್ತ ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ ಒಂದು ದೊಡ್ಡ ಟ್ರಯಲ್ ಅಮೆರಿಕದಲ್ಲಿ ಆಗಿದೆ, 2019ರಲ್ಲಿ ಪ್ರಕಟ ಆಗಿದ್ದು. ಅರ್ಧ ಜನಕ್ಕೆ ಬರೀ ಶುಚಿತ್ವದ ಪಾಠ, ಇನ್ನರ್ಧ ಜನಕ್ಕೆ ಪಾಠದ ಜೊತೆಗೆ ಕ್ಲೋರ್‌ಹೆಕ್ಸಿಡಿನ್ ಅನ್ನೋ ಕ್ರಿಮಿನಾಶಕದ ಸ್ನಾನ, ಅದ್ರದ್ದೇ ಬಾಯಿ ಮುಕ್ಕಳಿಸೋದು, ಮೂಗಿಗೆ ಮ್ಯುಪಿರೋಸಿನ್, ಹೀಗೆ 5 ದಿನ, ತಿಂಗಳಿಗೆ ಎರಡು ಸಲ, 6 ತಿಂಗಳು. ಎರಡನೇ ಗುಂಪಲ್ಲಿ ಎಂಆರ್‌ಎಸ್‌ಎ ಸೋಂಕು ಸುಮಾರು 30% ಕಮ್ಮಿ ಆಯ್ತು. ಆದ್ರೆ ಇದು ರೋಗಿಗೆ ಮತ್ತೆ ಸೋಂಕು ಬರೋದನ್ನ ತಡೆಯೋಕೆ ಮಾಡಿದ್ದು, ಮತ್ತೆ ಡಾಕ್ಟ್ರು ಬರ್ಕೊಟ್ರೆ ಮಾತ್ರ. ಮೆಡಿಕಲ್ ಸ್ಟೋರಲ್ಲಿ ತಗೊಂಡು ಸುಮ್ನೆ ಹಚ್ಕೋತಾ ಕೂತ್ರೆ ಆ ಮುಲಾಮಿಗೂ ಬ್ಯಾಕ್ಟೀರಿಯಾ ಬಗ್ಗದೇ ಹೋಗತ್ತೆ. ಕ್ಲೋರ್‌ಹೆಕ್ಸಿಡಿನ್ ಕಣ್ಣಿಗೆ ಕಿವಿಗೆ ಹೋಗ್ಬಾರ್ದು, ಅದೂ ಗೊತ್ತಿರ್ಲಿ.

ನಿದ್ದೆಗೆಟ್ಟವ್ಳು:
ಇವತ್ತು ಇದನ್ನೆಲ್ಲ ಒಂದು ಚೀಟೀಲಿ ಬರ್ಕೊಂಡು ಹೋಗಿ ಕೇಳಿದ್ವಿ. ಪೈಪು ಇನ್ನೂ ಬೇಕಾ ಅಂತ ಕೇಳಿದ್ದಕ್ಕೆ ಡಾಕ್ಟ್ರು ಒಂದು ನಿಮಿಷ ಕೇಸ್ ಶೀಟ್ ತಿರುವಿ ಹಾಕಿ ನಾಳೆ ತೆಗೆದು ನೋಡೋಣ, ತಾವಾಗೇ ಮೂತ್ರ ಮಾಡಿದ್ರೆ ಹಾಕೋದೇ ಬೇಡ ಅಂದ್ರು!! ಡ್ರೆಸಿಂಗ್ ನಾನೇ ನರ್ಸ್ ಮುಂದೆ ಮಾಡ್ದೆ. ಮೂಗಿನ ಮುಲಾಮು 5 ದಿನಕ್ಕೆ ಬರ್ದಿದಾರೆ. ನಾದಿನಿಗೆ ಈ ಥ್ರೆಡ್ ಕಳ್ಸಿದೀನಿ, ಓದಿ ಅವ್ಳು ಸದ್ಯಕ್ಕೆ ಸುಮ್ಮನಾಗಿದಾಳೆ.

ಒಂದೇ ಒಂದು ಕೊನೇ ಪ್ರಶ್ನೆ, ಮಾವ ಮತ್ತೆ ನಮ್ಮೆಜಮಾನ್ರು ಒಂದೇ ಟ್ರಿಮ್ಮರ್ ಬಳಸ್ತಿದ್ರು, ಸ್ಪಿರಿಟಲ್ಲಿ ಒರೆಸಿದ್ರೆ ನಡೆಯತ್ತಾ?

ವಾರ್ಡಿನಸಿಸ್ಟರ್:
ಬೇಡ, ಟ್ರಿಮ್ಮರ್ ಬೇರೆ ತಗೊಳ್ಳಿ. ಶೇವಿಂಗ್ ಮಾಡೋವಾಗ ಕಣ್ಣಿಗೆ ಕಾಣದಷ್ಟು ಸಣ್ಣ ಗೀರು ಬಿದ್ದೇ ಬೀಳತ್ತೆ, ಅದು ಈ ಬ್ಯಾಕ್ಟೀರಿಯಾಗೆ ಬಾಗಿಲು ತೆಗ್ದಿಟ್ಟಂಗೆ. ಮನೇಲಿ ಯಾರಿಗಾದ್ರೂ ಕೆಂಪಗೆ ಬಿಸಿಯಾಗಿ ನೋಯೋ ಗುಳ್ಳೆ ಎದ್ರೆ ಹಿಚುಕ್ಬೇಡಿ, ಮುಚ್ಚಿಟ್ಟು ಡಾಕ್ಟ್ರಿಗೆ ತೋರ್ಸಿ, ತೋರ್ಸೋವಾಗ ಮನೇಲಿ ಎಂಆರ್‌ಎಸ್‌ಎ ರೋಗಿ ಇದಾರೆ ಅಂತ ಹೇಳಿ. ಅದು ಹೇಳ್ಲಿಲ್ಲಾಂದ್ರೆ ಅವ್ರು ಮಾಮೂಲಿ ಆಂಟಿಬಯಾಟಿಕ್ಕೇ ಬರೀತಾರೆ. ಪೈಪು ತೆಗೆದ್ಮೇಲೆ ಆರು ಗಂಟೆ ಕಳೆದ್ರೂ ಮೂತ್ರ ಬರ್ಲಿಲ್ಲ ಅಥವಾ ಹೊಟ್ಟೆ ಕೆಳಗೆ ಬಿಗಿದು ನೋಯ್ತಿದೆ ಅಂದ್ರೆ ಅಲ್ಲೇ ಇರೋವಾಗ್ಲೇ ಹೇಳ್ಬಿಡಿ, ಮನೆಗೆ ಬಂದ್ಮೇಲೆ ನೋಡೋಣ ಅಂತ ಇಟ್ಕೋಬೇಡಿ.